ಕೊಸರು ಕೊಡದ ದೊರೆಸಾನಿ

ದೊರೆಸಾನಿ ತೀರಿಕೊಂಡರೆಂಬ ಸುದ್ದಿ ಓದಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಆದರೆ ಬದುಕಿದ್ದಾಗಲಾದರೂ ನೆಟ್ಟಗೆ ಸಿಟ್ಟು ಮಾಡಲು ಆಕೆ ಬಿಟ್ಟರೇ? ನಾನು ಕೂಗಾಡಿದರೆ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, "ಮುಗಿಯಿತೇ, ಟೀಚರ್? ಹಾಗಾದರೆ ಕೆಲಸ ಮಾಡೋಣ" ಎನ್ನುತ್ತಿದ್ದರು. ಹನ್ನೊಂದು ವರ್ಷ ನಾನು ಹೀಗೆ ಅರ್ಧ ಸಿಟ್ಟಿನಲ್ಲೇ ಅವರ ಜೊತೆ ದುಡಿದೆ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅವರು ಕುಂದಾಪುರಕ್ಕೆ ಬಂದರು. ದೊರೆ ಮಿಶನ್ನಿನ ಪಾದ್ರಿ. ಉದ್ದಕ್ಕೆ, ಬಗ್ಗಿಕೊಂಡೇ ನಡೆಯುವ, ಮಾತು ಕಡಿಮೆಯ ಮನುಷ್ಯ. ದೊರೆಸಾನಿ ಕಾಂಪೌಂಡಿನೊಳಗಿನ ಹೆಣ್ಣುಮಕ್ಕಳ ಶಾಲೆ ನೋಡಿಕೊಳ್ಳುವವರು. ನಾನು ಅಲ್ಲಿ ಮೂರನೇ ಕ್ಲಾಸಿನ ಟೀಚರ್, ಬಸ್ರೂರಿನಿಂದ ದಿನಾ ಬಸ್ಸು ಹಿಡಿದು ಬರುವವಳು. ಗಂಡ ಮುಂಬಯಿಯ ಹೋಟೆಲಿನಲ್ಲಿದ್ದರು. ಮನೆಯಲ್ಲಿ ನಾನು, ನನ್ನ ಇಬ್ಬರು ಹೆಣ್ಣುಮಕ್ಕಳು. ಶಾಲೆಯ ಉಳಿದ ಟೀಚರುಗಳು ದೊರೆಸಾನಿಯ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದರು. ನನಗೆ ಬಾಯಿ ಜೋರು ಇದ್ದುದರಿಂದ ಎಲ್ಲ ಕೆಲಸವೂ ನನ್ನ ತಲೆಗೇ ಬಂತು.

ಮಂಗಳೂರಿನ ಪಂಡಿತರೊಬ್ಬರು ಕಲಿಸಿದ ಅವರ ಕನ್ನಡ ಅಚ್ಚುಹಾಕಿದಂತೆ ಇತ್ತು. ಇಲ್ಲೇ ಹುಟ್ಟಿದ ಮಗಳದು ಅಪ್ಪಟ ಕುಂದಾಪುರದ್ದು. ಆ ಹುಡುಗಿಗೆ ಊರು ಇಟ್ಟ ಹೆಸರು ಪುಟ್ಟಿ. "ಅಮ್ಮ, ನಂಗ್ ಹಸು ಆತ್ತ್" ಎಂದು ಅವಳು ಹಸಿವಿಗೆ ಕೂಗಿದರೆ, "ಇನ್ನೂ ಹನ್ನೆರಡು ಗಂಟೆ ಆಗಿಲ್ಲ" ಎಂದು ದೊರೆಸಾನಿ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು.

ಶನಿವಾರ ಶಾಲೆಯ ಜಗಲಿಯಲ್ಲಿ ಹಾಲಿನ ಪುಡಿ ಹಂಚುವುದಿತ್ತು. ತಾಯಂದಿರು ಪಾತ್ರೆ ಹಿಡಿದು ಸಾಲು ನಿಲ್ಲುತ್ತಿದ್ದರು. ದೊರೆಸಾನಿ ಅಳತೆಯ ಲೋಟದ ತುಂಬ ಪುಡಿ ತೆಗೆದು, ಒಂದು ಹಳೆಯ ಚಾಕುವನ್ನು ಲೋಟದ ಬಾಯಿಯ ಮೇಲೆ ಎಳೆದು, ಮೇಲೆ ನಿಂತ ಪುಡಿಯನ್ನು ತಿರುಗಿ ಡಬ್ಬಿಗೆ ಬೀಳಿಸುತ್ತಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ನಮ್ಮಲ್ಲಿ ಅಕ್ಕಿ ಅಳೆದರೂ ಸೇರಿನ ಮೇಲೆ ಗುಪ್ಪೆ ನಿಲ್ಲಬೇಕು. ಅದು ಸಾಲದೆ ಕೊನೆಗೊಂದು ಹಿಡಿ ಕೊಸರು ಹಾಕಬೇಕು. ಬೆಂಡೆಕಾಯಿ ಕೊಂಡರೆ ಎರಡು ಕೊಸರು, ಹೂ ಕೊಂಡರೆ ಒಂದು ಗೇಣು ಕೊಸರು. ಕೊಸರು ಕೇಳದೆ ಬಂದ ಹೆಂಗಸಿಗೆ ಮನೆಯಲ್ಲಿ ಮರ್ಯಾದೆಯಿಲ್ಲ, ಕೊಡದ ಅಂಗಡಿಗೆ ಊರಿನಲ್ಲಿ ಮರ್ಯಾದೆಯಿಲ್ಲ.

"ಒಂದ್ ಚೂರ್ ಕೊಸರ್ ಹಾಕಿ ಅಮ್ಮ, ಮನೇಲ್ ನಾಕ್ ಮಕ್ಕಳ್ ಇತ್ತ್" ಎಂದು ಯಾರಾದರೂ ಕೇಳಿದರೆ ದೊರೆಸಾನಿ ಸಾಲಿನ ಕೊನೆಯವಳನ್ನು ತೋರಿಸುತ್ತಿದ್ದರು. "ಅವರ ಪಾಲಿನಿಂದ ತೆಗೆದು ನಿಮಗೆ ಹಾಕಲೇ? ನೀವೇ ಹೋಗಿ ಅವರನ್ನು ಕೇಳಿ ಬನ್ನಿ."

ಯಾರು ಹೋಗಿ ಕೇಳುತ್ತಾರೆ? ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಬೈಗುಳ ಕೇಳುವವಳು ನಾನು. ದೊರೆಸಾನಿ ಪುಟ್ಟಿಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಒಂದು ಶನಿವಾರ ಅವಳ ಸರದಿ ಬರುವಾಗ ಡಬ್ಬಿ ಖಾಲಿ. ಮಗು ತುಟಿ ಕಚ್ಚಿಕೊಂಡು ಖಾಲಿ ಲೋಟ ಹಿಡಿದು ಒಳಗೆ ಹೋಯಿತು. "ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲವೇ ಅದು?" ಎಂದು ನಾನು ರೇಗಿದೆ. "ಅದಕ್ಕೇ ಕೊನೆಯಲ್ಲಿ ನಿಲ್ಲಿಸಿದ್ದು" ಎಂದರು.

ಕೊಡುವುದು ಹಾಗಿರಲಿ, ತೆಗೆದುಕೊಳ್ಳಲಾದರೂ ಬರುತ್ತಿತ್ತೇ? ಗಂಗೊಳ್ಳಿಯಿಂದ ಮೀನು ತರುತ್ತಿದ್ದ ಅಕ್ಕು ಒಂದು ದಿನ ಹನ್ನೆರಡು ಬಂಗುಡೆ ಎಣಿಸಿ ಕೊಟ್ಟು, ಹದಿಮೂರನೆಯದನ್ನು ಕೊಸರೆಂದು ಮೇಲೆ ಹಾಕಿದಳು. ದೊರೆಸಾನಿ ಅದನ್ನು ಬಾಲ ಹಿಡಿದೆತ್ತಿ ಅವಳ ಬುಟ್ಟಿಗೆ ವಾಪಸ್ ಹಾಕಿದರು. ಅಕ್ಕು ಬುಟ್ಟಿ ಹೊತ್ತು ಹೊರಟವಳು ಮೂರು ವಾರ ಕಾಂಪೌಂಡಿನ ಕಡೆ ತಲೆಹಾಕಲಿಲ್ಲ. ಸಮಾಧಾನಕ್ಕೆ ಹೋದವಳು ಮತ್ತೆ ನಾನೇ.

"ಹ್ವಾಯ್ ಟೀಚರ್, ನೀವೇ ಹೇಳಿ" ಎಂದು ಅಕ್ಕು ಸೊಂಟಕ್ಕೆ ಕೈಯಿಟ್ಟಳು. "ಹನ್ನೆರಡ್ ಮೀನ್ ಕ್ರಯಕ್ಕೆ ಕೊಟ್ಟದ್ದ್. ಆ ಒಂದ್ ಮೀನ್ ಮನ್ಸಲ್ ಕೊಟ್ಟದ್ದ್. ಅದನ್ನ ವಾಪಸ್ ಕೊಟ್ರೆ ಮೋರೆಗ್ ಹೊಡ್ದಂಗೆ ಅಲ್ದಾ?"

ಈ ಮಾತನ್ನು ಹಾಗೆಯೇ ದೊರೆಸಾನಿಗೆ ಮುಟ್ಟಿಸಿದೆ. ಅವರು ಬಹಳ ಹೊತ್ತು ಯೋಚಿಸಿದರು. ನಾಲ್ಕನೇ ವಾರ ಅಕ್ಕು ಬಂದಾಗ ಕೊಸರಿನ ಮೀನನ್ನು ತೆಗೆದುಕೊಂಡರು. ತೆಗೆದುಕೊಂಡು ಅದಕ್ಕೂ ದುಡ್ಡು ಕೊಟ್ಟರು! ನಾನು ಹಣೆ ಹಣೆ ಚಚ್ಚಿಕೊಂಡೆ.

ಬೈಂದೂರಿನಲ್ಲಿ ಮಿಶನ್ನಿನ ಸಣ್ಣ ಶಾಲೆಯೊಂದಿತ್ತು. ಅದನ್ನು ನೋಡಿಕೊಂಡು ಇಬ್ಬರೂ ಬಸ್ಸಿನಲ್ಲಿ ವಾಪಸ್ ಬರುವಾಗ ಆದದ್ದು ಇದು. ಬಸ್ಸು ತುಂಬಿತ್ತು. ಯಾರೋ ಗೌರವದಿಂದ ಎದ್ದು ಜಾಗ ಬಿಟ್ಟರು. ದೊರೆಸಾನಿ ಕೂರಲಿಲ್ಲ, ತನಗಿಂತ ಮೊದಲು ಹತ್ತಿದ ಮುದುಕಿಯೊಬ್ಬಳು ನಿಂತಿದ್ದಾಳೆ, ಅವಳು ಕೂರಲಿ ಎಂದರು. ದೊರೆಸಾನಿ ನಿಂತಿರುವಾಗ ಮುದುಕಿ ಕೂರುವುದುಂಟೇ? ಎದ್ದವರೂ ಕೂರಲಿಲ್ಲ. ಅವರ ಹಿಂದಿನವರಿಗೂ ನಾಚಿಕೆಯಾಗಿ ಎದ್ದರು. ಕಂಡಕ್ಟರ್ ಕೈಮುಗಿದ: "ಅಮ್ಮ, ನೀವ್ ಒಂಚೂರ್ ಕೂಕಣಿ. ನೀವ್ ಕೂಕಣ್ದಿದ್ರೆ ಇವ್ರ್ ಯಾರೂ ಕೂಕಂತಿಲ್ಲೆ." ಹೆಮ್ಮಾಡಿಯವರೆಗೆ ಸೀಟುಗಳು ಖಾಲಿ, ಜನ ನಿಂತೇ ಇದ್ದರು. ನನ್ನ ಸೊಂಟ ಎರಡು ದಿನ ನೋಯಿತು.

ಆ ಸಂಜೆ ಜಗಲಿಯಲ್ಲಿ ಕೂತು ನಾನು ನೇರವಾಗಿ ಕೇಳಿದೆ, ಯಾಕೆ ಹೀಗೆ ಎಂದು. "ಯುದ್ಧದ ಕಾಲದಲ್ಲಿ ನನ್ನ ತಂದೆ ನಮ್ಮ ಬೀದಿಗೆ ರೊಟ್ಟಿ ಹಂಚುತ್ತಿದ್ದರು" ಎಂದರು ದೊರೆಸಾನಿ. "ಬಹಳ ಒಳ್ಳೆಯ ಮನುಷ್ಯ. ಸ್ನೇಹಿತರಿಗೆ ಸ್ವಲ್ಪ ಸ್ವಲ್ಪ ಹೆಚ್ಚು ಕೊಡುತ್ತಿದ್ದರು. ಬೀದಿಯ ಕೊನೆಯಲ್ಲಿ ಒಂದು ಮನೆಯಿತ್ತು, ಆ ಮನೆಯಲ್ಲಿ ಒಂದು ಮಗು." ಅಷ್ಟಕ್ಕೆ ನಿಲ್ಲಿಸಿ ಎದ್ದು ದೀಪ ತರಲು ಒಳಗೆ ಹೋದರು. ಆಮೇಲೆ ಆ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಜಗಲಿಯ ಬಲತುದಿಯಲ್ಲಿ ದೊರೆಸಾನಿಯ ಹೊಲಿಗೆ ಮೆಷಿನು ಇರುತ್ತಿತ್ತು. ಕಾಲಲ್ಲಿ ತುಳಿಯುವ, ಕರಿಯ, ಒಳ್ಳೆ ಗಟ್ಟಿ ಮೆಷಿನು. ಅದರ ಮುಂದೆ ಕೂರುತ್ತಿದ್ದವಳು ಸುಂದರಿ. ಕೊಕ್ಕರ್ಣೆ ಕಡೆಯ ಹೆಣ್ಣು. ಗಂಡ ಮುಂಬಯಿಗೆ ಹೋದವನು ಪತ್ತೆಯಿಲ್ಲ. ಕಾಯಿಲೆಯ ತಾಯಿಯನ್ನು ಕಟ್ಟಿಕೊಂಡು ಕುಂದಾಪುರಕ್ಕೆ ಬಂದು, ದೊರೆಸಾನಿಯ ಹತ್ತಿರ ಹೊಲಿಗೆ ಕಲಿತು, ಎಂಟು ವರ್ಷದಿಂದ ಊರಿನ ಲಂಗ ರವಿಕೆ ಹೊಲಿದು ತಾಯಿಯನ್ನು ಸಾಕುತ್ತಿದ್ದಳು. ಆ ಮೆಷಿನೇ ಅವಳ ಅನ್ನ.

ಊಟದ ಬಿಡುವಿನಲ್ಲಿ ನಾನೂ ಆ ಜಗಲಿಯಲ್ಲೇ ಕೂತು ನನ್ನ ಮಕ್ಕಳ ಲಂಗಗಳಿಗೆ ಕೈಹೊಲಿಗೆ ಹಾಕುತ್ತಿದ್ದೆ. ಸುಂದರಿಗೆ ಕೊಟ್ಟರೆ ಅವಳು ಕೂಲಿ ತೆಗೆದುಕೊಳ್ಳುವುದಿಲ್ಲ. ಬಿಟ್ಟಿ ಮಾಡಿಸಲು ನನಗೆ ಮನಸ್ಸಿಲ್ಲ. ನನ್ನದೇ ಒಂದು ಮೆಷಿನು ಇದ್ದಿದ್ದರೆ ಎಂಬ ಆಸೆ ಇತ್ತು. ಮುಂಬಯಿಗೆ ಬರೆದು ಬರೆದು ಸಾಕಾಗಿತ್ತು. ಬೇರೆ ಯಾರ ಮುಂದೆಯೂ ಬಾಯಿಬಿಟ್ಟವಳಲ್ಲ. ಒಮ್ಮೆ ದೊರೆಸಾನಿ ನನ್ನ ಹಿಂದೆ ಬಂದು ನಿಂತು, "ಟೀಚರ್, ನಿಮ್ಮ ಕಣ್ಣು ಹಾಳಾಗುತ್ತದೆ" ಎಂದು ಹೇಳಿ ಹೋದರು. ಅಷ್ಟೇ.

ಆಮೇಲೆ ಮಿಶನ್ನಿನಿಂದ ಕಾಗದ ಬಂತು. ಅವರನ್ನು ಇಲ್ಲಿಂದ ತೆಗೆದು ಆಫ್ರಿಕಾಕ್ಕೆ ಹಾಕಿದ್ದರು. ತಮ್ಮ ದೇಶಕ್ಕಾದರೂ ಹೋಗುವುದಲ್ಲ, ಮೂರನೆಯದೊಂದು ದೇಶಕ್ಕೆ. ಸಾಮಾನು ಒಯ್ಯುವಂತಿಲ್ಲ, ಮೂರು ಪೆಟ್ಟಿಗೆ ಮಾತ್ರ. ಪುಟ್ಟಿ ನನ್ನ ಸೆರಗು ಹಿಡಿದು ಕೇಳಿದಳು: "ಟೀಚರ್, ಅಲ್ಲ್ ಬಂಗ್ಡಿ ಮೀನ್ ಸಿಕ್ಕತ್ತಾ?" ನನಗೇನು ಗೊತ್ತು? ಸಿಗುತ್ತದೆ ಎಂದೆ.

ಮೆಷಿನು ಸುಂದರಿಗೆ ಎಂದು ಊರೆಲ್ಲ ತಿಳಿದುಕೊಂಡಿತ್ತು. ಹಾಗೆ ತಿಳಿಯದಿದ್ದವರು ದೊರೆಸಾನಿ ಒಬ್ಬರೇ. ಸಾಮಾನುಗಳ ಪಟ್ಟಿ ಮಾಡಿ, ಕಾಂಪೌಂಡಿನಲ್ಲಿ ದುಡಿದವರು, ಶಾಲೆಗೆ ನೆರವಾದವರು ಎಲ್ಲರ ಹೆಸರನ್ನೂ ಸಾಮಾನಿನಷ್ಟೇ ಲೆಕ್ಕಕ್ಕೆ ಸರಿಹೊಂದಿಸಿ, ಚೀಟಿ ಎತ್ತುವುದೆಂದು ಸಾರಿದರು. ಒಬ್ಬರಿಗೆ ಒಂದು ಸಾಮಾನು. ಯಾರ ಹೆಸರಿಗೆ ಏನು ಬರುತ್ತದೋ ಅದು.

"ಅಮ್ಮ, ಉಳಿದದ್ದಕ್ಕೆ ಬೇಕಾದ್ರೆ ಚೀಟಿ ಹಾಕಿ. ಮೆಷಿನ್ ಒಂದನ್ನ ಸುಂದರಿ ಕೈಗ್ ಕೊಡಿ" ಎಂದೆ.

"ಸುಂದರಿಗೆ ಯಾಕೆ?"

"ಎಂತಕಾ? ಎಂಟ್ ವರ್ಷ ಅದ್ರ್ ಮುಂದೆ ಕೂಕಂಡದ್ದ್ ಯಾರ್?"

"ಎಂಟು ವರ್ಷ ಒಲೆಯ ಮುಂದೆ ಕುಳಿತದ್ದು ಅಡುಗೆಯ ದೇವದಾಸ. ಅವನಿಗೆ ಏನು ಹೇಳಲಿ? ಸುಂದರಿಗೆ ಬ್ರಹ್ಮಾವರದ ಹೊಲಿಗೆ ತರಗತಿಯಲ್ಲಿ ಕೆಲಸಕ್ಕೆ ಹೇಳಿದ್ದೇನೆ. ಅಲ್ಲಿ ಮೆಷಿನುಗಳಿವೆ."

"ಕಾಯಿಲೆ ಅಬ್ಬಿಯನ್ನ ಬಿಟ್ಕಂಡ್ ಅದ್ ದಿನಾ ಬ್ರಹ್ಮಾವರಕ್ಕ್ ಹೋಪ್ದ್ ಹ್ಯಾಂಗೆ ಅಮ್ಮ?"

"ಮುಗಿಯಿತೇ, ಟೀಚರ್? ಹಾಗಾದರೆ ಚೀಟಿ ಬರೆಯಿರಿ."

ಬರೆದೆ. ಎಲ್ಲರ ಚೀಟಿಯನ್ನೂ ಸುರುಳಿ ಸುತ್ತಿದೆ. ಸುಂದರಿಯ ಚೀಟಿಯನ್ನು ಮಾತ್ರ ಎಲೆಯಡಿಕೆಯ ಬೀಡಾದ ಹಾಗೆ ಮೂಲೆ ಮಡಿಸಿ ಮೇಲಿಟ್ಟೆ. ಚೀಟಿ ಎತ್ತುವವಳು ಪುಟ್ಟಿ. ಅವಳ ಕಿವಿಯಲ್ಲಿ, "ಬೀಡಾ ತೆಗಿ" ಎಂದೆ. ಮಗುವಿಗೆ ಸುಂದರಿಯೆಂದರೆ ಜೀವ. ತಲೆಯಾಡಿಸಿತು.

ಮೊದಲ ಸಾಮಾನು ಮೆಷಿನು. ಹಾಲಿನ ಪುಡಿಯ ಡಬ್ಬಿಗೆ ಕೈಹಾಕಿ ಪುಟ್ಟಿ ಚೀಟಿ ತೆಗೆದಳು. "ಸುಂದ್ರಕ್ಕ!" ಜಗಲಿಯಲ್ಲಿ ಕೂತ ಜನವೆಲ್ಲ ಹೋ ಎಂದರು. ಸುಂದರಿ ಎದ್ದು ಬಂದು ಮೆಷಿನಿನ ಮೇಲೆ ಎರಡೂ ಕೈ ಇಟ್ಟಳು. ದೊರೆಸಾನಿ ಆ ಚೀಟಿಯನ್ನು ಮಗಳ ಕೈಯಿಂದ ತೆಗೆದುಕೊಂಡು ನೋಡಿದರು. ಡಬ್ಬಿಯೊಳಗಿನ ಸುರುಳಿಗಳನ್ನು ನೋಡಿದರು.

"ಇದನ್ನು ಹೀಗೆ ಮಡಿಸಿದ್ದು ಯಾರು?"

"ನಾನ್" ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಮೊದಲಿನಿಂದ ಮಾಡೋಣ" ಎಂದರು. ಸುಂದರಿ ಕೈ ತೆಗೆದು ತನ್ನ ಜಾಗಕ್ಕೆ ಹೋಗಿ ಕೂತಳು. ಆಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ದೊರೆಸಾನಿ ಬೀಡಾ ಬಿಚ್ಚಿ ಸುರುಳಿ ಸುತ್ತಿ ಒಳಗೆ ಹಾಕಿ, ಡಬ್ಬಿ ಕುಲುಕಿ, ಈ ಸಲ ತಾವೇ ಕೈಹಾಕಿದರು. ಚೀಟಿ ಬಿಡಿಸಿ ಓದಿದರು. ಚೀಟಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ನನ್ನ ಹೆಸರು ಹೇಳಿದರು.

ಮುಂದಿನದನ್ನೆಲ್ಲ ನಾನು ಅರ್ಧಂಬರ್ಧ ಕೇಳಿಸಿಕೊಂಡೆ. ದೊರೆಸಾನಿ ಒಂದೊಂದೇ ಚೀಟಿ ಎತ್ತಿ ಓದಿ, ಹಿಂದೆ ಪೆನ್ಸಿಲಿನಲ್ಲಿ ಸಾಮಾನಿನ ಹೆಸರು ಗುರುತು ಹಾಕಿ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು. ಗೋಡೆ ಗಡಿಯಾರಕ್ಕೆ ಕಣ್ಣುಹಾಕಿ ಬಂದಿದ್ದ ಬಸ್ರೂರಿನ ಎಪ್ಪತ್ತು ವರ್ಷದ ಶೆಟ್ಟರಿಗೆ ಮಗುವಿನ ತೊಟ್ಟಿಲು ಬಂತು. ಗಡಿಯಾರ ಮೀನಿನ ಅಕ್ಕುವಿಗೆ. ಅಡುಗೆಯ ದೇವದಾಸನಿಗೆ ಸೀಮೆಎಣ್ಣೆ ಸ್ಟೋವು. ಸುಂದರಿಗೆ ದೊರೆಯ ಟೊಪ್ಪಿ ನೇತುಹಾಕುವ ಮರದ ಕಂಬ.

ಮಾರನೆಯ ದಿನ ರಸ್ತೆಯಲ್ಲಿ ಸಾಮಾನುಗಳ ಮೆರವಣಿಗೆ. ಗಡಿಯಾರ ಶೆಟ್ಟರ ಮನೆಗೆ ಹೋಯಿತು, ತೊಟ್ಟಿಲು ಅಕ್ಕುವಿನ ಮಗಳಿಗೆ ಬಂತು. ಯಾರಿಗೆ ಏನು ಸೇರಬೇಕೋ ಅದನ್ನು ಊರೇ ಸೇರಿಸಿತು. ದೊರೆ ಜಗಲಿಯಲ್ಲಿ ನಿಂತು ಇದನ್ನೆಲ್ಲ ನೋಡಿ ನಗುತ್ತಿದ್ದರು. ದೊರೆಸಾನಿ ಮುಖ ಕೆಂಪಗೆ ಮಾಡಿಕೊಂಡು, "ಹಾಗಾದರೆ ನಾನು ಹಂಚಿದ್ದು ಯಾಕೆ?" ಎಂದು ಕೇಳಿದರು.

ಅಲುಗದೆ ಕೂತದ್ದು ಒಂದೇ ಸಾಮಾನು. ನನ್ನ ಮನೆಯ ಮೆಷಿನು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ದೊರೆಸಾನಿಯ ಮೆಷಿನನ್ನು ದಾನ ಮಾಡಲು ನಾನು ಮುಂದಿದ್ದೆ. ನನ್ನದೇ ಆದ ಮೇಲೆ ಕೈ ಬರಲಿಲ್ಲ. ಚಿಕ್ಕವಳು ಅದರ ಚಕ್ರ ತಿರುಗಿಸಿ ನಗುತ್ತಿದ್ದಳು. ದೊಡ್ಡವಳ ಲಂಗದ ಅಂಚನ್ನು ಒಂದೇ ಸಂಜೆಯಲ್ಲಿ ಹೊಲಿದು ಮುಗಿಸಿದ್ದೆ. ನ್ಯಾಯವಾಗಿ ಬಂದದ್ದು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ.

ಹೊರಡಲು ಎರಡು ದಿನವಿರುವಾಗ ದೊರೆಸಾನಿ ಬಸ್ರೂರಿಗೆ, ನನ್ನ ಮನೆಗೆ ಬಂದರು. ಕೈಯಲ್ಲಿ ಮೆಷಿನಿನ ಎಣ್ಣೆಯ ಡಬ್ಬಿ. ಮಜ್ಜಿಗೆ ಕುಡಿದರು. ಮೆಷಿನನ್ನು ಎಲ್ಲಿಟ್ಟಿದ್ದೇನೆಂದು ನೋಡಿ, ಕಿಟಕಿಯ ಪಕ್ಕಕ್ಕೆ ಸರಿಸಲು ಹೇಳಿದರು.

"ಇಲ್ಲಿ ಬೆಳಕಿದೆ. ಅದು ನಿಮ್ಮದು, ಟೀಚರ್. ನಿಮ್ಮದೇ. ಯಾರಿಗೂ ಲೆಕ್ಕ ಕೊಡಬೇಕಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಕುಟುಕಲು ಬಂದಿದ್ದಾರೆ ಎಂದುಕೊಂಡೆ. ಸುಂದರಿಗೆ ಕೊಡಿ ಎಂದು ಬಾಯಿಬಡಿದುಕೊಂಡವಳು ನೀನು, ಈಗ ನೋಡುತ್ತೇನೆ ಎನ್ನುವ ಪರೀಕ್ಷೆ! ಕೊಟ್ಟುಬಿಡು ಎಂದಾದರೂ ಹೇಳಿದ್ದರೆ ಬೈದುಕೊಂಡು ಕೊಟ್ಟುಬಿಡುತ್ತಿದ್ದೆ. ಅದನ್ನೂ ಹೇಳಲಿಲ್ಲ. ಬಾಗಿಲಲ್ಲಿ ಒಮ್ಮೆ ನಿಂತು ಏನೋ ಹೇಳುವವರ ಹಾಗೆ ನೋಡಿದರು. ನಾನು ಮುಖ ತಿರುಗಿಸಿಕೊಂಡೆ.

ಅವರು ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಊರೇ ನೆರೆದಿತ್ತು. ಅಕ್ಕು ಒಣಮೀನಿನ ಪೊಟ್ಟಣ ತಂದಿದ್ದಳು. ದೊರೆಸಾನಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ದುಡ್ಡು ತೆಗೆಯಲಿಲ್ಲ. ಸುಂದರಿ ಪುಟ್ಟಿಗೆಂದು ಹೂವಿನ ಚಿತ್ರದ ಬಟ್ಟೆಯಲ್ಲಿ ಒಂದು ಲಂಗ ಹೊಲಿದು ತಂದಿದ್ದಳು. ಪೂರ್ತಿ ಕೈಹೊಲಿಗೆ. ಎಳ್ಳುಕಾಳಿನಷ್ಟು ಸಣ್ಣ ಹೊಲಿಗೆಗಳು. "ಮೆಷಿನ್ ಇಲ್ದೆ ಒಂಚೂರ್ ತಡ ಆಯ್ತ್ ಅಮ್ಮ" ಎಂದಳು. ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ. ಆದರೂ ನಾನು ನಿಂತಲ್ಲೇ ಸತ್ತೆ.

ಮರುದಿನ ಮೆಷಿನನ್ನು ಗಾಡಿಯಲ್ಲಿ ಹೇರಿಸಿ ಸುಂದರಿಯ ಮನೆಗೆ ಒಯ್ದೆ. ಅವಳು ಬಾಗಿಲಲ್ಲೇ ತಡೆದಳು. "ಬೇಡ ಟೀಚರ್. ಚೀಟಿಯಂಗೆ ನಿಮ್ಗ್ ಬಂದದ್ದ್. ನಿಮ್ಗೂ ಎರಡ್ ಹೆಣ್ಮಕ್ಕಳ್ ಇತ್ತ್ ಅಲ್ದಾ?"

"ತಕೋ ಮಾರಾಯ್ತಿ, ಸುಮ್ನೆ ತಕೋ. ಅದನ್ನ ಕಂಡ್ರೆ ನಂಗ್ ನಿದ್ರೆ ಬತ್ತಿಲ್ಲೆ."

ತೆಗೆದುಕೊಂಡಳು. ಬರಿಗೈಲಿ ಕಳಿಸಬಾರದೆಂದು ಟೊಪ್ಪಿ ಕಂಬವನ್ನು ನನಗೆ ಕೊಟ್ಟಳು. ನಮ್ಮ ಮನೆಯಲ್ಲಿ ಟೊಪ್ಪಿ ಹಾಕುವವರು ಯಾರು? ಈಗಲೂ ಅದರ ಮೇಲೆ ಕೊಡೆ ನೇತುಹಾಕುತ್ತೇವೆ.

ಅಷ್ಟಕ್ಕೇ ಬಿಟ್ಟೆನೇ? ಆಫ್ರಿಕಾದ ವಿಳಾಸಕ್ಕೆ ಒಂದು ಕಾಗದ ಬರೆದೆ: "ಮೆಷಿನನ್ನು ಸುಂದರಿಗೆ ಕೊಟ್ಟಿದ್ದೇನೆ. ಈಗ ನಿಮಗೆ ಸಮಾಧಾನವಾಯಿತಷ್ಟೇ?" ಮೂರು ತಿಂಗಳ ಮೇಲೆ ಉತ್ತರ ಬಂತು. ಒಂದೇ ಸಾಲು, ಅದೇ ಅಚ್ಚಿನಂಥ ಕನ್ನಡ: "ನೀವು ಮಾಡಿದ್ದು ಸರಿ, ಟೀಚರ್." ಆ ಕಾಗದವನ್ನು ನಾನು ಒಲೆಗೆ ಹಾಕಿದೆ.

ಕಳೆದ ತಿಂಗಳು ಬಂದ ಲಕೋಟೆ ಪುಟ್ಟಿಯದು. ಅವಳಿಗೀಗ ಹದಿನೈದಿರಬೇಕು. ಕನ್ನಡ ಅಕ್ಷರ ಸೊಟ್ಟಗಾಗಿವೆ, ಮಾತು ಮಾತ್ರ ಇಲ್ಲಿಯದೇ. "ಟೀಚರ್, ಅಮ್ಮ ಹೋಯ್ತ್. ಹುಷಾರಿಲ್ದೆ ನಾಕ್ ತಿಂಗ್ಳ್ ಮಲ್ಗಿದ್ದಿತ್ತ್. ಇದನ್ನ ನಿಮ್ಗ್ ಕಳ್ಸುಕೆ ಹೇಳಿತ್ತ್. ಎಂತಕೆ ಅಂದೇಳಿ ನಂಗ್ ಗೊತ್ತಿಲ್ಲೆ. ಅಮ್ಮನ ಬೈಬಲ್ ಒಳ್ಗ್ ಇತ್ತ್."

ಕಾಗದದ ಮಡಿಕೆಯಿಂದ ಎರಡು ಚೀಟಿಗಳು ಬಿದ್ದವು. ಎರಡರಲ್ಲೂ ನನ್ನದೇ ಅಕ್ಷರ. ಸುರುಳಿ ಸುತ್ತಿದ ಗುರುತು ಇನ್ನೂ ಇತ್ತು. ಒಂದರಲ್ಲಿ 'ದೇವದಾಸ' ಎಂದಿತ್ತು. ತಿರುಗಿಸಿದರೆ ಹಿಂದೆ ದೊರೆಸಾನಿಯ ಪೆನ್ಸಿಲಿನಲ್ಲಿ 'ಮೆಷಿನು'. ಇನ್ನೊಂದರಲ್ಲಿ ನನ್ನ ಹೆಸರು. ಅದರ ಹಿಂದೆ 'ಸ್ಟೋವು'.

ಮೆಷಿನು ಬಂದದ್ದು ಅಡುಗೆಯ ದೇವದಾಸನಿಗೆ. ಅವನ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ದೊರೆಸಾನಿ ನನ್ನ ಹೆಸರು ಓದಿದ್ದರು. ಆಮೇಲೆ ನನ್ನ ಚೀಟಿ ಬಂದಾಗ ಅವನ ಹೆಸರು ಓದಿದ್ದರು. ಊರೆಲ್ಲ ಕೂತಿದ್ದಾಗ, ಎರಡು ಸಲ, ಹಸಿ ಸುಳ್ಳು! ನಾನು ಬೀಡಾ ಮಡಿಸಿ ಸಿಕ್ಕಿಬಿದ್ದ ಐದು ನಿಮಿಷಕ್ಕೆ ಆಕೆ ನನಗಿಂತ ದೊಡ್ಡ ಕಳ್ಳತನ ಮಾಡಿ ದಕ್ಕಿಸಿಕೊಂಡಿದ್ದರು. ಸುಂದರಿಗಾಗಿ ನಾನು ಹತ್ತು ಸಲ ಕೇಳಿದ್ದೆ. ನನಗಾಗಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಊಟದ ಬಿಡುವಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಾನು ಹಾಕುತ್ತಿದ್ದ ಹೊಲಿಗೆಯನ್ನು ಆಕೆ ನೋಡಿದ್ದರು.

ಬೆಳಕಿನ ಪಕ್ಕಕ್ಕೆ ಸರಿಸಿ ಎಂದದ್ದು ಪರೀಕ್ಷೆಯಲ್ಲ. ಕುಟುಕಲು ಬಂದದ್ದಲ್ಲ. ಬಾಗಿಲಲ್ಲಿ ನಿಂತದ್ದು ಇದನ್ನು ಹೇಳಲಿಕ್ಕೇ ಇರಬೇಕು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಮ್ಮ? ಆರು ವರ್ಷ ನಿಮ್ಮನ್ನು ಬೈದುಕೊಂಡೇ ಬದುಕಿದೆನಲ್ಲ! ನೀವು ಮಾಡಿದ್ದು ಸರಿ ಎಂದು ಬರೆಯುವಾಗ ನಿಮ್ಮ ಮುಖ ಹೇಗಿತ್ತೋ.

ಸುಂದರಿಯ ಮನೆಯ ಮುಂದೆ ಹಾದುಹೋಗುವಾಗ ಮೆಷಿನಿನ ಸದ್ದು ಕೇಳುತ್ತದೆ. ಚೀಟಿಗಳನ್ನು ಅವಳಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ತೋರಿಸಿದರೆ ಅವಳು ಆ ದಿನವೇ ಮೆಷಿನನ್ನು ಹೊರಿಸಿಕೊಂಡು ಬರುವ ಪೈಕಿ. ಹನ್ನೊಂದು ವರ್ಷದಲ್ಲಿ ದೊರೆಸಾನಿ ಒಬ್ಬರಿಗೆ, ಒಂದೇ ಒಂದು ಸಲ ಕೊಸರು ಹಾಕಿದ್ದರು. ನಾನು ಅದನ್ನು ಬಾಲ ಹಿಡಿದೆತ್ತಿ ಅವರ ಬುಟ್ಟಿಗೇ ವಾಪಸ್ ಹಾಕಿದೆ.